ಮಳೆನೀರು ಚರಂಡಿಗೆ ಎಣ್ಣೆ ಸುರಿಯುತ್ತಿದ್ದಾರೆ, ದೂರು ಕೊಟ್ಟರೂ ದಂಡ ಏಕಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಬೀದಿಯ ಮಳೆನೀರು ಚರಂಡಿಯಲ್ಲಿ ವಾರಕ್ಕೆ ಎರಡು ಮೂರು ಸಲ ಬೆಳಗಿನ ಜಾವ ಕಪ್ಪು ನೀರು ಹರಿಯುತ್ತದೆ, ಮೇಲೆ ಎಣ್ಣೆಯ ಪಸೆ ತೇಲುತ್ತಿರುತ್ತದೆ. ಪಕ್ಕದಲ್ಲೇ ವಾಹನ ದುರಸ್ತಿಯ ಗ್ಯಾರೇಜ್ ಇದೆ. ಅವರದೇ ಕೆಲಸವೆಂದು ಎಲ್ಲರಿಗೂ ಗೊತ್ತು. ಫೋಟೊ ಸಮೇತ ಎರಡು ಸಲ ದೂರು ಕೊಟ್ಟೆವು. ಸಿಬ್ಬಂದಿ ಮಧ್ಯಾಹ್ನ ಬಂದು, ಏನೂ ಕಾಣಲಿಲ್ಲವೆಂದು ಬರೆದು ದೂರನ್ನು ಮುಗಿಸಿಬಿಟ್ಟರು. ನೀವು ಚರಂಡಿ ತಪಾಸಣೆಯ ಎಂಜಿನಿಯರ್ ಆಗಿ ಕೆಲಸ ಮಾಡಿದವರು. ಇನ್ನೇನು ಮಾಡಬೇಕು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಒಳಚರಂಡಿಯ ನೀರಾದರೆ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಪ್ರತ್ಯೇಕವಾಗಿ ಕಟ್ಟಿದ ಮಳೆನೀರು ಚರಂಡಿಗೆ ಅಂಥ ತಡೆಯೇ ಇಲ್ಲ, ಅಲ್ಲಿ ಬಿದ್ದದ್ದು ನೇರವಾಗಿ ಕೆರೆ, ನದಿ ಅಥವಾ ಸಮುದ್ರ ಸೇರುತ್ತದೆ. ಹಾಗಾಗಿ ಬಕೆಟ್ ಎಣ್ಣೆಯನ್ನೂ ನಾನು ಸಣ್ಣದೆನ್ನುವುದಿಲ್ಲ.

ಆದರೆ ನಿಮ್ಮ ಫೋಟೊ ಚರಂಡಿಯಲ್ಲಿ ಕೊಳಕು ನೀರಿತ್ತು ಎಂದಷ್ಟೇ ಹೇಳುತ್ತದೆ, ಯಾರು ಬಿಟ್ಟರೆಂದು ಹೇಳುವುದಿಲ್ಲ. ದಂಡ ನಿಲ್ಲಬೇಕಾದರೆ ಆ ನೀರಿಗೂ ಒಂದು ನಿರ್ದಿಷ್ಟ ಕೊಳವೆಗೂ ನಂಟು ತೋರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಆ ನಂಟು ಹರಿದುಹೋಗಿರುತ್ತದೆ. ಆದ್ದರಿಂದ ನೀರು ಹರಿಯುತ್ತಿರುವಾಗಲೇ ಕರೆ ಮಾಡಿ.

ಎರಡು ಮೂರು ದಿನ ಮಳೆಯೇ ಇಲ್ಲದಿದ್ದಾಗ ಮಳೆನೀರು ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ, ಅದು ಎಲ್ಲಿಂದ ಬಂತೆಂದು ಕೇಳಲೇಬೇಕು. ಅಂತರ್ಜಲ ಜಿನುಗಿರಬಹುದು, ಕುಡಿಯುವ ನೀರಿನ ಕೊಳವೆ ಸೋರಿರಬಹುದು, ಇಲ್ಲವೇ ಯಾರೋ ಬಿಟ್ಟಿರಬಹುದು. ನಾವು ಹರಿವಿನ ಎದುರು ದಿಕ್ಕಿಗೆ ಮ್ಯಾನ್‌ಹೋಲ್‌ನಿಂದ ಮ್ಯಾನ್‌ಹೋಲ್‌ಗೆ ನಡೆಯುತ್ತೇವೆ. ಒಂದರಲ್ಲಿ ಹರಿವಿದ್ದು ಅದರ ಮೇಲಿನದು ಒಣಗಿದ್ದರೆ, ಮೂಲ ಆ ಎರಡರ ನಡುವೆ ಇದೆ. ನೀರಿನ ಪರೀಕ್ಷೆಯೂ ದಾರಿ ತೋರಿಸುತ್ತದೆ: ಅಮೋನಿಯ ಹೆಚ್ಚಿದ್ದರೆ ಮಲಿನಜಲದ ಶಂಕೆ, ಮಾರ್ಜಕದ ಅಂಶವಿದ್ದರೆ ತೊಳೆದ ನೀರಿನ ಶಂಕೆ. ಕೊನೆಗೆ, ಶಂಕೆಯಿರುವ ಕಟ್ಟಡದಲ್ಲಿ ಬಳಸಿದ ನೀರು ಹೊರಹೋಗುವ ತೊಟ್ಟಿಗೆ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣ ಸುರಿದು, ಅದು ಯಾವ ಚರಂಡಿಯಲ್ಲಿ ಕಾಣಿಸಿಕೊಳ್ಳುತ್ತದೆಂದು ಕಾಯುತ್ತೇವೆ.

"ಎಲ್ಲರಿಗೂ ಗೊತ್ತು" ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಒಮ್ಮೆ ಚರಂಡಿಯಲ್ಲಿ ನೊರೆ ಬರುತ್ತಿದೆ ಎಂದು ಇಡೀ ಬೀದಿ ಒಂದು ಮುದ್ರಣಾಲಯದತ್ತ ಬೆರಳು ತೋರಿಸಿತ್ತು. ನನಗೂ ಹಾಗೆಯೇ ಅನ್ನಿಸಿತ್ತು. ಬಣ್ಣ ಸುರಿದು ನೋಡಿದರೆ ಅವರ ನೀರು ಸರಿಯಾಗಿ ಒಳಚರಂಡಿಗೇ ಹೋಗುತ್ತಿತ್ತು. ನೊರೆ ಬರುತ್ತಿದ್ದದ್ದು ಹಿಂದಿನ ವಸತಿ ಕಟ್ಟಡದಿಂದ. ಬಟ್ಟೆ ಒಗೆಯುವ ಯಂತ್ರಗಳ ಕೊಳವೆಯನ್ನು ಕೊಳಾಯಿ ಕೆಲಸದವರು ಮಳೆನೀರಿನ ಕೊಳವೆಗೆ ಸೇರಿಸಿದ್ದರು, ಮನೆಯವರಿಗೆ ಅದರ ಸುಳಿವೇ ಇರಲಿಲ್ಲ. ಅಂದು ಮುದ್ರಣಾಲಯಕ್ಕೆ ದಂಡ ಹಾಕಿದ್ದರೆ ಒಬ್ಬ ನಿರಪರಾಧಿಗೆ ಅನ್ಯಾಯವಾಗುತ್ತಿತ್ತು, ನೊರೆಯೂ ನಿಲ್ಲುತ್ತಿರಲಿಲ್ಲ.

ನೀವು ಬರೆದಿಡಬೇಕಾದದ್ದು ದಿನಾಂಕ, ಹರಿವು ಶುರುವಾದ ಮತ್ತು ನಿಂತ ಸಮಯ, ಬಣ್ಣ, ವಾಸನೆ, ಹಿಂದಿನ ದಿನಗಳಲ್ಲಿ ಮಳೆಯಾಗಿತ್ತೇ ಎಂಬುದು. ಎಲ್ಲಕ್ಕಿಂತ ಬೆಲೆಬಾಳುವ ಸಾಲು ಇದು: "ಗ್ಯಾರೇಜಿನ ಮೇಲ್ಭಾಗದ ಜಾಲರಿಯ ಬಳಿ ನೀರಿರಲಿಲ್ಲ, ಕೆಳಭಾಗದಲ್ಲಿ ಕಪ್ಪು ನೀರಿತ್ತು." ಎರಡೂ ಕಡೆಯ ಫೋಟೊ ತೆಗೆಯಿರಿ, ರಸ್ತೆಯ ಯಾವುದಾದರೂ ಗುರುತು ಚಿತ್ರದಲ್ಲಿ ಸೇರಿರಲಿ.

ದಯವಿಟ್ಟು ಮ್ಯಾನ್‌ಹೋಲ್ ಮುಚ್ಚಳ ತೆರೆಯಬೇಡಿ, ಬಗ್ಗಿ ಇಣುಕಲೂ ಬೇಡಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಇರಬಹುದು. ಅದರ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಪ್ರಾಣಕ್ಕೆ ಅಪಾಯ. ಬಾಟಲಿಯಲ್ಲಿ ಮಾದರಿಯನ್ನೂ ತುಂಬಿಕೊಳ್ಳಬೇಡಿ. ತುಂಬಿದ ಕ್ಷಣದಿಂದ ಪ್ರಯೋಗಾಲಯದವರೆಗೆ ಅದು ಯಾರ ಕೈಯಲ್ಲಿತ್ತು ಎಂಬ ದಾಖಲೆಯಿಲ್ಲದಿದ್ದರೆ ಪ್ರತಿವಾದಿಯ ವಕೀಲರು ಅದನ್ನು ಸುಲಭವಾಗಿ ಪ್ರಶ್ನಿಸುತ್ತಾರೆ. ಪೆಟ್ರೋಲ್ ವಾಸನೆ ಬಂದರೆ ದೂರಿನ ಮಾತು ಆಮೇಲೆ, ಮೊದಲು ಅಗ್ನಿಶಾಮಕ ದಳಕ್ಕೆ ತಿಳಿಸಿ.

ಮತ್ತೊಬ್ಬ ಸದಸ್ಯರು: ಮಣ್ಣಿನಲ್ಲಿ ಕೊಳೆತುಹೋಗುವ (ಬಯೋಡಿಗ್ರೇಡಬಲ್) ಸಾಬೂನೆಂದು ಬರೆದಿರುತ್ತದಲ್ಲ, ಆ ನೀರನ್ನು ಬಿಡಬಹುದೇ?

ಉತ್ತರ: ಬೇಡ. ಹಾಗೆ ಕೊಳೆಯಲು ಸಮಯ ಬೇಕು, ಚರಂಡಿಯ ನೀರು ಅಷ್ಟರೊಳಗೆ ಕೆರೆಯಲ್ಲಿರುತ್ತದೆ. ಸಾಬೂನು ಮೀನಿನ ಕಿವಿರುಗಳಿಗೆ ಹಾನಿಕರ. ಜೊತೆಗೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೇ ಬಳಸಿಕೊಳ್ಳುತ್ತವೆ.

ಇನ್ನೊಬ್ಬ ಸದಸ್ಯರು: ನಾನು ಕಟ್ಟಡ ಗುತ್ತಿಗೆದಾರ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರನ್ನು ನಮ್ಮ ಹುಡುಗರು ಚರಂಡಿಗೆ ಬಿಟ್ಟರೆಂದು ನೋಟಿಸ್ ಬಂದಿದೆ. ದಂಡದ ಜೊತೆ ಚರಂಡಿ ಸ್ವಚ್ಛಗೊಳಿಸಿದ ವೆಚ್ಚವನ್ನೂ ಕೇಳಿದ್ದಾರೆ. ಬರಿಯ ಸಿಮೆಂಟ್ ನೀರಿಗೆ ಇಷ್ಟೊಂದೇ?

ಉತ್ತರ: ಸಿಮೆಂಟ್ ನೀರು ಕಟುವಾದ ಕ್ಷಾರ, ಅದರ ಪಿಎಚ್ 12ರ ಆಸುಪಾಸಿನಲ್ಲಿರುತ್ತದೆ. ತಳಕ್ಕಿಳಿದ ಗಸಿ ಕೊಳವೆಯೊಳಗೆ ಕಲ್ಲಾಗಿ, ಮುಂದಿನ ಮಳೆಯಲ್ಲಿ ಬೀದಿಗೆ ನೀರು ನುಗ್ಗುತ್ತದೆ. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಹೊರಬೇಕೆಂಬ ತತ್ವ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಹೊರಬಂದ 1992ರ ರಿಯೊ ಘೋಷಣೆಯ 16ನೆಯ ಅಂಶದಲ್ಲಿಯೇ ಇದೆ. ಕೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ನೀರು ಇಂಗದಂತೆ ಹಾಳೆ ಹಾಸಿದ ಗುಂಡಿಯಲ್ಲಿ ಮಿಕ್ಸರ್ ತೊಳೆಯಿಸಿ, ಗಟ್ಟಿಯಾದದ್ದನ್ನು ಕಟ್ಟಡ ತ್ಯಾಜ್ಯದ ಜೊತೆ ಸಾಗಿಸಿ. ಇನ್ನು ಮುಂದೆ ಹೀಗೆಯೇ ಮಾಡುತ್ತೇವೆಂದು ಬರವಣಿಗೆಯಲ್ಲಿ ಒಪ್ಪಿಕೊಂಡು, ನೋಟಿಸ್ ಕೊಟ್ಟವರ ಬಳಿ ಹೋಗಿ ಮಾತನಾಡಿ. ತಿಳಿಯದೆ ತಪ್ಪು ಮಾಡಿ ತಿದ್ದಿಕೊಂಡವರಿಗೆ ಗಡುವು ಕೊಡುವುದನ್ನು ನಾನು ಯಾವಾಗಲೂ ಬೆಂಬಲಿಸಿದ್ದೇನೆ. ಕತ್ತಲಲ್ಲಿ, ತಿಳಿದೂ ತಿಳಿದೂ ಸುರಿಯುವವರಿಗೆ ಆ ರಿಯಾಯಿತಿ ಸಲ್ಲದು. ದಂಡವು ಸರಿಯಾದ ವಿಲೇವಾರಿಯ ಖರ್ಚಿಗಿಂತ ಕಡಿಮೆಯಿದ್ದರೆ ಅವರು ಅದನ್ನು ಬಾಡಿಗೆಯಂತೆ ಕಟ್ಟಿ ಮತ್ತೆ ಸುರಿಯುತ್ತಾರೆ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಮುಗಿಸಿದ ದೂರನ್ನು ಮತ್ತೆ ತೆರೆಸಬಹುದೇ?

ಉತ್ತರ: ಹಳೆಯ ಎರಡೂ ದೂರಿನ ಸಂಖ್ಯೆ ಹಾಕಿ ಹೊಸದಾಗಿ ಬರೆಯಿರಿ. ತಪಾಸಣೆ ಎಷ್ಟು ಗಂಟೆಗೆ ನಡೆಯಿತೆಂದು ಕೇಳಿ, ನಿಮ್ಮ ಟಿಪ್ಪಣಿಯ ಸಮಯಗಳನ್ನು ಅದರ ಪಕ್ಕದಲ್ಲಿ ಇಡಿ, ಅದೇ ಹೊತ್ತಿಗೆ ಬಂದು ನೋಡಬೇಕೆಂದು ಕೋರಿ. ಮಾಲಿನ್ಯ ನಿಯಂತ್ರಣದ ಕಚೇರಿಗೂ ಒಂದು ಪ್ರತಿ ಕಳುಹಿಸಿ, ಏಕೆಂದರೆ ಎಣ್ಣೆ ಸೇರುವ ಕೆರೆ ಅಥವಾ ನದಿ ಮಲಿನವಾಗದಂತೆ ನೋಡುವುದು ಅವರ ಹೊಣೆ. ಗ್ಯಾರೇಜಿನ ಹೆಸರನ್ನು ಆರೋಪವಾಗಿ ಬರೆಯದೆ, "ಗ್ಯಾರೇಜಿನ ಮುಂದಿನ ಜಾಲರಿ" ಎಂದು ಸ್ಥಳವಾಗಿ ಬರೆಯಿರಿ. ಅಲ್ಲಿಂದ ಮುಂದಕ್ಕೆ ಬಣ್ಣದ ಪರೀಕ್ಷೆಯೇ ಹೇಳುತ್ತದೆ.