ಬಿ.ಎಸ್ಸಿ ನರ್ಸಿಂಗ್ ಮುಗೀತು, ಮೊದಲ ಕೆಲಸಕ್ಕೆ ಎಲ್ಲಿ ಸೇರಲಿ?

ಪ್ರಶ್ನೆ (ಬಂಗಾರಪೇಟೆಯಿಂದ):
ಮೇಡಂ, ನಮಸ್ತೆ. ಈ ವರ್ಷ ಬಿ.ಎಸ್ಸಿ ನರ್ಸಿಂಗ್ ಮುಗಿಸಿದೆ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೂಡ ಆಗಿದೆ. ಮೂರು ಕಡೆ ಬಾ ಅಂದಿದ್ದಾರೆ. ಒಂದು, ನಮ್ಮ ಮನೆ ಹತ್ತಿರದ ನರ್ಸಿಂಗ್ ಹೋಂ. ಇನ್ನೊಂದು, ಕೋಲಾರದ ಟಮಕದಲ್ಲಿರುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಜನರಲ್ ವಾರ್ಡ್. ಮೂರನೆಯದು ವೈಟ್‌ಫೀಲ್ಡ್ ಕಡೆ ಪ್ರೈವೇಟ್ ಆಸ್ಪತ್ರೆ, ಐಸಿಯು. ಸಂಬಳ ಅಲ್ಲೇ ಜಾಸ್ತಿ. ಆದರೆ 2 ವರ್ಷ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಹತ್ತಿರ ಇಡಬೇಕಂತೆ. ಅಮ್ಮ ಊರಲ್ಲೇ ಇರು ಅಂತಾರೆ. ನನಗೆ ಮುಂದೆ ನಾರ್ಸೆಟ್, ಅಂದ್ರೆ ಏಮ್ಸ್‌ನ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ಬರೆಯುವ ಆಸೆ.

ಉತ್ತರ:
ಸಂಬಳ, ದೂರ ಎರಡನ್ನೂ ಸ್ವಲ್ಪ ಪಕ್ಕಕ್ಕಿಡಮ್ಮ. ಮೂರೂ ಕಡೆ ಒಂದೇ ಮಾತು ಕೇಳು: ಹೊಸದಾಗಿ ಸೇರಿದವರನ್ನು ಎಷ್ಟು ದಿನ ಸೀನಿಯರ್ ಸಿಸ್ಟರ್ ಜೊತೆ ಹಾಕ್ತೀರಿ?

ಯಾಕೆ ಹೇಳ್ತೀನಿ ಅಂದ್ರೆ, ನಾನು ಮೊದಲು ಸೇರಿದ್ದು ಒಂದು ಚಿಕ್ಕ ನರ್ಸಿಂಗ್ ಹೋಂಗೆ. ಮೂರನೇ ರಾತ್ರಿಗೇ ವಾರ್ಡಿನಲ್ಲಿ ಒಬ್ಬಳೇ. ಕೇಸ್ ಶೀಟಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತ ಬರೆದಿತ್ತು, ಹೇಗೆ ಕೊಡಬೇಕು ಅಂತ ಇರಲಿಲ್ಲ. ಸಿರಿಂಜಿಗೆ ಎಳೆದುಕೊಂಡು ಬೆಡ್ ಹತ್ತಿರ ಹೋಗಿದ್ದೆ. ಯಾಕೋ ಅನುಮಾನ ಬಂದು ಹೊರಗೆ ಹೋಗಿ ಕ್ಲಾಸ್‌ಮೇಟ್‌ಗೆ ಫೋನ್ ಮಾಡಿದೆ. ಅದನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಬಿಡಬೇಕು. ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಕಾಲೇಜಿನಲ್ಲಿ ಓದಿದ್ದೆ. ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಪಕ್ಕದಲ್ಲಿ ಕೇಳೋಕೆ ಒಬ್ಬರು ಬೇಕಿತ್ತು, ಅಷ್ಟೆ.

ಅದಕ್ಕೇ ನನ್ನ ಮನಸ್ಸು ಟಮಕದ ಕಡೆ. ಮೆಡಿಕಲ್ ಕಾಲೇಜು ಅಂದಮೇಲೆ ರಾತ್ರಿಯೂ ಪಿಜಿ ಓದುತ್ತಿರುವ ಡಾಕ್ಟರುಗಳು ಡ್ಯೂಟಿಯಲ್ಲಿ ಇರ್ತಾರೆ. ನಮ್ಮ ಕಡೆ ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು, ಹೈವೇ ಆಕ್ಸಿಡೆಂಟ್, ಎಲ್ಲಾ ಬರುತ್ತೆ. ಜನರಲ್ ವಾರ್ಡ್ ಅಂತ ಕೀಳಾಗಿ ನೋಡಬೇಡ. ಮುಖ ನೋಡಿಯೇ ಈ ಪೇಶೆಂಟ್ ಕೆಡ್ತಿದ್ದಾರೆ ಅಂತ ಗುರುತು ಹಿಡಿಯೋದನ್ನು ನಾನು ಕಲಿತದ್ದು ಅಂಥ ವಾರ್ಡಿನಲ್ಲೇ.

ಒರಿಜಿನಲ್ ಮಾತ್ರ ಯಾರ ಕೈಗೂ ಕೊಡಬೇಡ. ತೋರಿಸು, ಜೆರಾಕ್ಸ್ ಕೊಡು, ವಾಪಸ್ ತಗೊಂಡು ಬಾ. ನಾಳೆ ನಾರ್ಸೆಟ್ ಪಾಸಾಗಿ ವೆರಿಫಿಕೇಶನ್‌ಗೆ ಕರೆದರೆ ಏನು ತೋರಿಸ್ತೀಯ?

ಪ್ರಶ್ನೆ (ಬಂಗಾರಪೇಟೆ):
ಐಸಿಯು ಅನುಭವ ಇದ್ದರೇ ಮುಂದೆ ಬೆಲೆ ಅಂತ ಸ್ನೇಹಿತರು ಹೇಳ್ತಾರೆ. ವೈಟ್‌ಫೀಲ್ಡ್‌ಗೆ ರೈಲಿನಲ್ಲಿ ಓಡಾಡಬಹುದಲ್ವಾ?

ಉತ್ತರ:
ಐಸಿಯುಗೆ ಬೆಲೆ ಇದೆ, ಸುಳ್ಳಲ್ಲ. ಆದರೆ ವೆಂಟಿಲೇಟರ್ ಮೇಲಿರುವ ಒಬ್ಬ ಪೇಶೆಂಟ್‌ಗೆ ಒಬ್ಬ ನರ್ಸ್ ಇರಬೇಕು. ಅಲ್ಲಿ ಎಷ್ಟು ಜನರನ್ನು ನೋಡ್ಕೋಬೇಕು ಅಂತ ಕೇಳು. ಒಂದು ವರ್ಷ ವಾರ್ಡ್ ಮಾಡಿ, ಆಮೇಲೆ ಅದೇ ಆಸ್ಪತ್ರೆಯಲ್ಲಿ ಐಸಿಯು ಕೇಳಬಹುದು.

ರೈಲು ಇದೆ, ಸುಮಾರು 45 ಕಿ.ಮೀ. ಒಂದು ವಾರ ಚೆನ್ನಾಗಿರುತ್ತೆ. ರಾತ್ರಿ ಪೂರ್ತಿ ನಿಂತು, ಬೆಳಗ್ಗೆ ಹ್ಯಾಂಡ್‌ಓವರ್ ಕೊಟ್ಟು, ರಶ್ಶಿನಲ್ಲಿ ಮನೆಗೆ ಬಂದು, ಮತ್ತೆ ಸಂಜೆ ಹೊರಡೋದು ಆಗಲ್ಲಮ್ಮ. ಅಲ್ಲೇ ಪಿಜಿ ಹಾಸ್ಟೆಲ್‌ನಲ್ಲಿ ಉಳಿದರೆ ಬಾಡಿಗೆ, ಊಟದ ಖರ್ಚು ಕಳೆದು ಆ ಸಂಬಳ ಎಷ್ಟು ಉಳಿಯುತ್ತೆ ಲೆಕ್ಕ ಹಾಕು.

ಪ್ರಶ್ನೆ (ಶ್ರೀನಿವಾಸಪುರದಿಂದ):
ಅಕ್ಕ, ನಾನು ಓದಿದ್ದು ಜಿಎನ್‌ಎಂ, ನರ್ಸಿಂಗ್ ಡಿಪ್ಲೊಮಾ. 20 ಬೆಡ್‌ನ ನರ್ಸಿಂಗ್ ಹೋಂನಲ್ಲಿ ಇದ್ದೇನೆ. ನಾನೂ ನಾರ್ಸೆಟ್ ಬರೆಯಬಹುದಾ?

ಉತ್ತರ:
ಬರೆಯಬಹುದು, ಆದರೆ ನಿನಗೆ ಲೆಕ್ಕ ಬೇರೆ. ಬಿ.ಎಸ್ಸಿಯವರಿಗೆ ಅನುಭವ ಕೇಳಲ್ಲ. ಜಿಎನ್‌ಎಂ ಆದರೆ ಕನಿಷ್ಠ 50 ಬೆಡ್ ಇರುವ ಆಸ್ಪತ್ರೆಯಲ್ಲಿ 2 ವರ್ಷ ಮಾಡಿರಬೇಕು. ಈಗಿರುವ ಕಡೆ ಎಷ್ಟು ವರ್ಷ ದುಡಿದರೂ ಅದಕ್ಕೆ ಬರಲ್ಲ. ಕೆಲಸ ಚೆನ್ನಾಗಿದ್ದರೂ ಬೇಗ ಬದಲಾಯಿಸು. ಬಿಡುವಾಗ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಬೆಡ್ ಸಂಖ್ಯೆ ಮೂರೂ ಬರೆಸಿಕೋ.

ಪ್ರಶ್ನೆ (ಬಂಗಾರಪೇಟೆ):
ಮೇಡಂ, ಅಮ್ಮಂಗೆ ಎಲ್ಲಾ ಓದಿ ಹೇಳಿದೆ. ಪೊಟ್ಯಾಸಿಯಂ ವಿಷಯ ಕೇಳಿ, ಹತ್ತಿರದ ನರ್ಸಿಂಗ್ ಹೋಂ ಬೇಡ ಅಂತ ಅವರೇ ಅಂದರು. ಸೋಮವಾರ ಟಮಕಕ್ಕೆ ಹೋಗ್ತಿದ್ದೇನೆ. ಹಾಸ್ಟೆಲ್ ಬಗ್ಗೆನೂ ಕೇಳಿಕೊಂಡು ಬರ್ತೀನಿ.