ಔಟ್‌ಬೋರ್ಡ್ ಬೋಟ್ ಡ್ರ್ಯಾಗ್ ರೇಸ್: ಖರ್ಚೆಷ್ಟು, ರೂಲ್ಸ್ ಏನು, ಇನ್ನೆಷ್ಟು ವರ್ಷ ನಡೀಬಹುದು?

ತುಮಕೂರು_ಟು_ಟೆಕ್ಸಾಸ್

ಎಲ್ರಿಗೂ ನಮಸ್ಕಾರ. ನಾನಿರೋದು ಹೂಸ್ಟನ್ ಹತ್ರ. ನಮ್ಮ ಬೀದೀಲಿ ಒಬ್ರು ರಿಟೈರ್ಡ್ ವೆಲ್ಡರ್ ಇದಾರೆ, ಗ್ಯಾರೇಜಲ್ಲಿ ಕಾರಿಲ್ಲ, ಹದಿನೆಂಟಡಿ ಬೋಟ್ ಇಟ್ಕೊಂಡಿದಾರೆ, ಹಿಂದೆ ಹೊರಗಡೆ ನೇತಾಕಿರೋ ಔಟ್‌ಬೋರ್ಡ್ ಇಂಜಿನ್, ಮರ್ಕ್ಯುರಿ ಕಂಪ್ನಿದು 2.5 ಲೀಟರ್ ಟೂ-ಸ್ಟ್ರೋಕ್ ವಿ6. ಬೇಸಿಗೇಲಿ ಅದನ್ನ ಎಳ್ಕೊಂಡು ಹೋಗಿ ಡ್ರ್ಯಾಗ್ ರೇಸ್ ಓಡಿಸ್ತಾರೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ, ಅವತ್ತಿಂದ ತಲೇಲಿ ಅದೇ ಓಡ್ತಿದೆ.

ಎರಡು ಬೋಟು ಪಕ್ಕಪಕ್ಕ ನೇರ ಹೋಗೋದು, ಮೊದ್ಲು ಮುಟ್ಟಿದವನು ಗೆದ್ದ, ಇಷ್ಟೇ ಅನ್ಕೊಂಡಿದ್ದೆ. ಅಲ್ಲಿ ನೋಡಿದ್ರೆ ಸ್ಲೋ ಇರೋ ಬೋಟನ್ನ ಮೊದ್ಲು ಬಿಡ್ತಾರೆ, ಆಮೇಲೆ ಸ್ಪೀಡ್ ಬೋಟು, ಕೊನೆಗೆ ಮುಂದೆ ಬಂದವನೇ ಸೋತ ಅಂತ ಅನೌನ್ಸ್ ಮಾಡ್ತಾರೆ. ಅವ್ರನ್ನ ಕೇಳಿದ್ರೆ "ಹಿ ಬ್ರೋಕ್ ಔಟ್" ಅಂತಂದು ಬಿಯರ್ ತಗೊಳೋಕೆ ಹೋದ್ರು. ಇನ್ನೊಂದು, ಅಲ್ಲಿದ್ದವರೆಲ್ಲ ಬಹುಪಾಲು ಅರವತ್ತು ದಾಟಿದವರು, ಈ ಇಂಜಿನ್ ಈಗ ಯಾರೂ ಮಾಡಲ್ಲ, ನಾವಿರೋವರೆಗೆ ನಡಿಯುತ್ತೆ ಅಷ್ಟೇ ಅಂತ ಮಾತಾಡ್ತಿದ್ರು.

ಗೊತ್ತಿರೋರು ಹೇಳಿ, ಶುರು ಮಾಡೋಕೆ ನಿಜವಾಗ್ಲೂ ಎಷ್ಟು ಬೇಕು? ರೂಲ್ಸ್ ಏನು? ಮುಂದೆ ಇದು ಉಳಿಯೋ ಆಟಾನಾ ಅಥವಾ ಮುಳುಗೋ ಹೊತ್ತಲ್ಲಿ ನಾನು ದುಡ್ಡು ಹಾಕ್ತಿದೀನಾ? ಮನೇಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಪ್ರೊಪ್_ಪುಟ್ಟ

ಮೊದ್ಲು ರೂಲ್ಸ್ ಹೇಳ್ತೀನಿ, ಯಾಕಂದ್ರೆ ಖರ್ಚು ನಿಂತಿರೋದೇ ಅದರ ಮೇಲೆ. ನೀವು ನೋಡಿದ್ದು ಬ್ರ್ಯಾಕೆಟ್ ರೇಸ್. ನಿಮ್ಮ ಬೋಟು ದೂರ ಮುಗಿಸೋಕೆ ಎಷ್ಟು ಸೆಕೆಂಡ್ ತಗೊಳುತ್ತೆ ಅಂತ ನೀವೇ ಮುಂಚೆ ಹೇಳ್ಬೇಕು, ಅದಕ್ಕೆ ಡಯಲ್-ಇನ್ ಅಂತಾರೆ. ನಿಮ್ದು ಹನ್ನೆರಡು ಸೆಕೆಂಡ್, ಎದುರಾಳಿದು ಹತ್ತು ಅಂದ್ರೆ ನಿಮ್ಮನ್ನ ಎರಡು ಸೆಕೆಂಡ್ ಮುಂಚೆ ಬಿಡ್ತಾರೆ. ಇಬ್ರೂ ಹೇಳಿದ ಟೈಮ್‌ಗೇ ಓಡಿದ್ರೆ ಗೆರೆ ಹತ್ರ ಒಟ್ಟಿಗೇ ಬರ್ತೀರಿ. ಹೇಳಿದ್ದಕ್ಕಿಂತ ಬೇಗ ಮುಗಿಸಿದ್ರೆ ಅದೇ ಬ್ರೇಕ್‌ಔಟ್, ಔಟ್ ನೀವು. ಸುಳ್ಳು ಟೈಮ್ ಹೇಳಿ ಗೆಲ್ಲಬಾರದು ಅಂತ ಈ ರೂಲು. ಇಂಡೆಕ್ಸ್ ಕ್ಲಾಸ್ ಅಂತ ಇನ್ನೊಂದಿದೆ, ಅದರಲ್ಲಿ ಸೆಕೆಂಡ್ ಎಷ್ಟು ಅಂತ ಕ್ಲಾಸೇ ಫಿಕ್ಸ್ ಮಾಡಿರುತ್ತೆ, ಅದಕ್ಕೆ ಎಷ್ಟು ಹತ್ರ ಓಡ್ತೀರಿ ಅನ್ನೋದೇ ಆಟ.

ಇದರಿಂದ ಏನಾಗುತ್ತೆ ಅಂದ್ರೆ ಗಂಟೆಗೆ 80 ಮೈಲಿ ಸ್ಪೀಡಿನ ಹಳೇ ಫಿಶಿಂಗ್ ಬೋಟು 120 ಮೈಲಿ ಹೋಗೋ ಟನಲ್ ಬೋಟನ್ನ (ತಳದಲ್ಲಿ ಗಾಳಿ ನುಗ್ಗೋಕೆ ಸುರಂಗದಂಥ ಜಾಗ ಇರೋದು) ಸೋಲಿಸಬಹುದು, ಪ್ರತಿ ಸಲ ಒಂದೇ ಥರ ಓಡಿದ್ರೆ ಸಾಕು. ಗಾಳಿ, ನೀರಿನ ಅಲೆ, ಟ್ಯಾಂಕಲ್ಲಿ ಎಷ್ಟು ಪೆಟ್ರೋಲ್ ಇದೆ, ಬೆಳಿಗ್ಗೆ ತಂಪು ಮಧ್ಯಾಹ್ನ ಸೆಕೆ, ಇವೆಲ್ಲ ಟೈಮ್ ಬದಲಾಯಿಸ್ತಾವೆ, ಅದನ್ನ ಲೆಕ್ಕ ಹಾಕೋನೇ ಗೆಲ್ಲೋನು. ಹಾಗಾಗಿ ಹೊಸಬರು ಕಣ್ಮುಚ್ಚಿ ಬ್ರ್ಯಾಕೆಟ್‌ಗೇ ಹೋಗಿ. ಡಯಲ್-ಇನ್ ಇಲ್ದೆ ಇಬ್ರನ್ನೂ ಒಟ್ಟಿಗೆ ಬಿಡೋದು ಹೆಡ್ಸ್-ಅಪ್, ಅಲ್ಲಿ ಗೆಲ್ಲೋದು ಜೇಬು.

ಖರ್ಚು. ಸೆಕೆಂಡ್‌ಹ್ಯಾಂಡ್ ಹಗುರ ವೀ-ಬಾಟಮ್ (ತಳ ವಿ ಆಕಾರದ್ದು) ಬೋಟು, 200 ಎಚ್‌ಪಿ ಹಳೇ ಟೂ-ಸ್ಟ್ರೋಕು, ಟ್ರೇಲರ್ ಎಲ್ಲ ಸೇರಿ ಸುಮಾರು 10ರಿಂದ 15 ಸಾವಿರ ಡಾಲರ್‌ಗೆ ಸಿಗುತ್ತೆ, ಹುಡುಕೋ ತಾಳ್ಮೆ ಬೇಕು. ಆಲಿಸನ್, ಹೈಡ್ರೋಸ್ಟ್ರೀಮ್ ಈ ಬೋಟ್ ಕಂಪ್ನಿ ಹೆಸರುಗಳನ್ನ ಬರ್ಕೊಳಿ. ಆಮೇಲೆ ಜಾಕ್ ಪ್ಲೇಟ್, ಅಂದ್ರೆ ಇಂಜಿನ್ನನ್ನ ಮೇಲೆ ಕೆಳಗೆ ಮಾಡೋಕೆ. ಹೈಡ್ರಾಲಿಕ್ ಸ್ಟೀರಿಂಗ್, ಇದರಲ್ಲಿ ಚೌಕಾಸಿ ಮಾಡ್ಬೇಡಿ, ಕೇಬಲ್ ಸ್ಟೀರಿಂಗ್ ಲೂಸಿದ್ರೆ 70 ದಾಟ್ತಿದ್ದಂಗೆ ಬೋಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡೋಕೆ ಶುರು, ಚೈನ್ ವಾಕ್ ಅಂತಾರೆ. ಫುಟ್ ಥ್ರಾಟಲ್ ಕೂಡ ಹಾಕ್ಸಿ, ಎರಡೂ ಕೈ ಸ್ಟೀರಿಂಗ್ ಮೇಲಿರುತ್ತೆ.

ಆಮೇಲೆ ಪ್ರೊಪೆಲ್ಲರ್. ಇಲ್ಲೇ ಎಲ್ರೂ ಹಾಳಾಗೋದು, ನಾನೂ ಸೇರಿ, ಶೆಡ್ಡಲ್ಲಿ ಗೋಡೆ ತುಂಬ ನೇತಾಕಿದೀನಿ. ಲೆಕ್ಕ ಹೀಗಿದೆ: ಆರ್‌ಪಿಎಮ್ ಇಂಟು ಪಿಚ್ (ಪ್ರೊಪ್ ಒಂದು ಸುತ್ತಿಗೆ ಎಷ್ಟು ಇಂಚ್ ಮುಂದೆ ಹೋಗ್ಬೇಕು ಅನ್ನೋದು), ಅದನ್ನ ಗೇರ್ ರೇಶಿಯೋ ಇಂಟು 1056ರಿಂದ ಭಾಗ್ಸಿ, ಗಂಟೆಗೆ ಎಷ್ಟು ಮೈಲಿ ಅಂತ ಬರುತ್ತೆ. 8000 ಆರ್‌ಪಿಎಮ್, 28 ಇಂಚ್ ಪಿಚ್, 1.87 ಗೇರ್ ಅಂದ್ರೆ 113 ಮೈಲಿ ಚಿಲ್ರೆ, ಅದರಲ್ಲಿ ಪ್ರೊಪ್ ನೀರಲ್ಲಿ ಜಾರೋ ಸ್ಲಿಪ್ ಅಂತ ಹತ್ತು ಪರ್ಸೆಂಟ್ ಕಳೆದ್ರೆ 102. ಕಾಗದದ ಮೇಲೆ ಚೆನ್ನಾಗಿರುತ್ತೆ. ಡ್ರ್ಯಾಗಲ್ಲಿ ಆ ದೊಡ್ಡ ಪಿಚ್ ಹಾಕಿದ್ರೆ ಬೋಟು ನೀರಿಂದ ಮೇಲೇಳೋಕೇ ಒದ್ದಾಡುತ್ತೆ, ಸಣ್ಣ ಪಿಚ್ ಹಾಕಿದ್ರೆ ಅರ್ಧ ದಾರೀಲೇ ಆರ್‌ಪಿಎಮ್ ಮುಗಿದುಹೋಗುತ್ತೆ. ಚೆನ್ನಾಗಿ ಕೆಲ್ಸ ಮಾಡಿಸಿದ ಸ್ಟೀಲ್ ಪ್ರೊಪ್ ಒಂದಕ್ಕೇ ಸಾವಿರ ಡಾಲರ್ ಆಸುಪಾಸು. ಗುರುತಿರೋರ ಹತ್ರ ಸಾಲ ತಗೊಂಡು ಟ್ರೈ ಮಾಡಿ ಆಮೇಲೆ ಕೊಳ್ಳಿ, ಈ ಆಟದಲ್ಲಿ ಪ್ರೊಪ್ ಸಾಲ ಕೊಡೋರು ತುಂಬ ಜನ ಸಿಗ್ತಾರೆ.

ಧಾರವಾಡ_ಫೇಡಾ

ಪುಟ್ಟ ಅವರು ಹೇಳಿದ್ದು ಖರೆ ಐತಿ, ಆದ್ರ 15 ಸಾವಿರದಾಗ ಮುಗಿತೈತಿ ಅನ್ನೋ ಹಂಗ ಕೇಳಾಕತ್ತೈತಿ, ಅದನ್ನ ನಂಬಬ್ಯಾಡ್ರಿ. ಬೋಟ್ ಎಳಿಯಾಕ ಟ್ರಕ್ ಬೇಕು, ಇಡಾಕ ಜಾಗ ಬೇಕು, ಪ್ರತಿ ರೇಸಿಗೆ ಎಂಟ್ರಿ ಫೀ, ಡೀಸೆಲ್, ಹೋಟೆಲ್. ಲೋಯರ್ ಯೂನಿಟ್, ಅಂದ್ರ ಇಂಜಿನ್ನಿನ ಕೆಳಗಿನ ಗೇರ್ ಇರೋ ಭಾಗ, ಒಂದ್ಸಲ ಒಡೀತಂದ್ರ ಸಾವಿರಗಟ್ಟಲೆ ಡಾಲರ್ ಹೋತು, ಅದು ಒಡಿಯೂದು ಗ್ಯಾರಂಟಿ, ಯಾವಾಗ ಅನ್ನೂದಷ್ಟ ಪ್ರಶ್ನೆ. ಗೆದ್ರ ಸಿಗೋ ದುಡ್ಡು ಭಾಳ ಸಲ ಪೆಟ್ರೋಲಿಗೂ ಸಾಲೂದಿಲ್ಲ. ಇದು ದುಡಿಯೋ ದಾರಿ ಅಲ್ರಿ, ಖರ್ಚು ಮಾಡೋ ದಾರಿ.

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಸಾದಾ ಬೋಟ್ ಪಾಲಿಸಿ ಓದಿ ನೋಡ್ರಿ, ರೇಸಿಂಗ್ ಅಂತಂದ್ರ ಕವರ್ ಇಲ್ಲ ಅಂತ ಸಾಮಾನ್ಯವಾಗಿ ಬರದಿರತೈತಿ. ರೇಸ್ ದಿನ ಆಯೋಜಕರ ಇನ್ಶೂರೆನ್ಸ್ ಇದ್ರೂ ಅದು ನಿಮ್ಮ ಬೋಟ್ ರಿಪೇರಿಗೆ ಬರೂದಿಲ್ಲ. ಟರ್ಮ್ ಲೈಫ್ ಇನ್ಶೂರೆನ್ಸ್ ತಗೊಳ್ಳೋವಾಗ ಫಾರ್ಮಿನ್ಯಾಗ ಮೋಟರ್, ಬೋಟ್ ರೇಸಿಂಗ್ ಮಾಡ್ತೀರೇನು ಅಂತ ಕೇಳ್ತಾರ, ಅಲ್ಲಿ ಸುಳ್ಳು ಬರದ್ರ ಮುಂದ ಮನಿಯವರಿಗೆ ತ್ರಾಸು. ಅದಕ್ಕ ಮನಿಯಾಗ ಹೇಳದ ಮಾಡೋ ಕೆಲಸಾನ ಅಲ್ಲ ಇದು.

ಸೇಫ್ಟಿ ವಿಷಯ. ಕಿಲ್ ಸ್ವಿಚ್ ಹಗ್ಗ (ನೀವು ಬಿದ್ರ ಇಂಜಿನ್ ಬಂದ್ ಮಾಡೂದು) ಮೈಗೆ ಸಿಗಿಸ್ಕೊಳ್ಳದ ಬೋಟ್ ಚಾಲೂ ಮಾಡಬ್ಯಾಡ್ರಿ. 2021ರ ಏಪ್ರಿಲ್‌ನಿಂದ ಅಮೆರಿಕಾದಾಗ 26 ಅಡಿಗಿಂತ ಸಣ್ಣ ಬೋಟಿಗೆ ಅದು ಫೆಡರಲ್ ಕಾನೂನ ಐತಿ, ರೇಸ್ ಇರ್ಲಿ ಬಿಡ್ಲಿ. ಹೆಲ್ಮೆಟ್ ಬೇಕ ಬೇಕು. ಲೈಫ್ ಜಾಕೆಟ್ ಅಂಗಡ್ಯಾಗಿನ 30 ಡಾಲರಿಂದಲ್ಲ, 90 ಮೈಲಿ ಸ್ಪೀಡಿನ್ಯಾಗ ನೀರಿಗೆ ಬಿದ್ರ ಅದು ಮೈಮ್ಯಾಲೆ ಉಳಿಯೂದಿಲ್ಲ, ರೇಸಿಂಗ್ ಜಾಕೆಟ್ಟಿಗೆ ತೊಡಿ ನಡುವ ಪಟ್ಟಿ ಇರತಾವ, ಅದನ್ನ ತಗೋರಿ. ಟನಲ್ ಹಲ್ ಬೋಟ್ ಸ್ಪೀಡ್ ಆದಂಗ ಅಡ್ಯಾಗ ಗಾಳಿ ಹೊಕ್ಕು ಮ್ಯಾಲೆತ್ತತೈತಿ, ಸ್ಪೀಡ್ ಬರೂದ ಅದರಿಂದ, ಹಾರಿ ಹಿಂದಕ್ಕ ಮಗಚೂದೂ ಅದರಿಂದ. ಇಂಜಿನ್ ಓರೆ ಮಾಡೋ ಟ್ರಿಮ್ ಬಟನ್ ಒಂದ್ ಸ್ವಲ್ಪ ಜಾಸ್ತಿ ಒತ್ತಿದ್ರ ಎದುರಿಗೆ ಗಾಳಿ ಇದ್ದ ದಿನ ಕಥಿ ಮುಗೀತು. ಮೊದಲ ವರ್ಷ ವೀ-ಬಾಟಮ್ ಓಡಸ್ರಿ ಅಂತ ಎಲ್ಲಾರೂ ಹೇಳೂದು ಇದಕ್ಕ.

ಮಲ್ಪೆ_ಬಂದರು

ನಮ್ಮಲ್ಲಿ ಔಟ್‌ಬೋರ್ಡ್ ಅಂದ್ರೆ ನಾಡದೋಣಿಗೆ ಹಾಕುವ ಸೀಮೆಎಣ್ಣೆ ಇಂಜಿನ್ ಮಾರಾಯ್ರೆ, ಹತ್ತು ಎಚ್‌ಪಿ ಆಸುಪಾಸು, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವುದು, ಸಬ್ಸಿಡಿ ಸೀಮೆಎಣ್ಣೆ ಬರ್ಲಿಲ್ಲ ಅಂತ ವರ್ಷ ವರ್ಷ ಗಲಾಟೆ. ನೀವು 8000 ಆರ್‌ಪಿಎಮ್ ಅಂತ ಬರ್ದದ್ದು ಓದಿ ತಲೆ ತಿರುಗಿತು. ಇಲ್ಲಿ ಇಂಜಿನ್ ಅಂದ್ರೆ ಹೊಟ್ಟೆಪಾಡು, ಅದನ್ನು ಯಾರಾದ್ರೂ ಬೇಕೂಂತ ಒಡಿಯುವ ಹಾಗೆ ಓಡಿಸ್ತಾರೆ ಅಂದ್ರೆ ನಮ್ಮ ಅಪ್ಪ ನಂಬುದಿಲ್ಲ.

ಒಂದು ಡೌಟು, ಇಂಡಿಯಾದಲ್ಲಿ ಇದು ಆಗ್ಲಿಕ್ಕಿಲ್ವಾ? ಅಮರಾವತಿಯಲ್ಲಿ ಕೃಷ್ಣಾ ನದಿ ಮೇಲೆ ಎಫ್1 ಬೋಟ್ ರೇಸ್ ಮಾಡಿದ್ದು ನೆನಪುಂಟು.

ಮರ್ಕ್_ಮಂಜ

@ಮಲ್ಪೆ_ಬಂದರು, ಅಮರಾವತಿದು 2018 ನವೆಂಬರ್, ಅದಕ್ಕೆ ಮುಂಚೆ 2017ರಲ್ಲಿ ಮುಂಬೈ ಮರೀನ್ ಡ್ರೈವಲ್ಲಿ ಪಿ1 ಪವರ್‌ಬೋಟ್ ರೇಸ್ ಆಯ್ತು. ಎರಡೂ ಹೊರಗಿಂದ ಬೋಟು, ಇಂಜಿನ್ ಎಲ್ಲ ತಂದು ಶೋ ಮಾಡಿ ವಾಪಸ್ ತಗೊಂಡು ಹೋದದ್ದು. ಸರ್ಕಾರ, ಸ್ಪಾನ್ಸರ್ ದುಡ್ಡು ಇದ್ದಷ್ಟು ದಿನ. ಅಮೆಚೂರ್ ಆಟ ಹಾಗೆ ಬೆಳೆಯಲ್ಲ, ಹಳೇ ಬೋಟು ಹಳೇ ಇಂಜಿನ್ ಕಮ್ಮಿ ಬೆಲೆಗೆ ಬಿದ್ದಿರೋ ಕಡೆ ಮಾತ್ರ ಬೆಳಿಯುತ್ತೆ. ಅಮೆರಿಕಾದ ದಕ್ಷಿಣದಲ್ಲಿ ಮನೆ ಮನೆ ಹಿಂದೆ ಮೀನು ಹಿಡಿಯೋ ಬ್ಯಾಸ್ ಬೋಟ್ ಇರೋದ್ರಿಂದ ಇಲ್ಲಿ ಬೆಳೆದಿದ್ದು.

ಈಗ ಮೂಲ ಪ್ರಶ್ನೆ, ಮುಂದೇನು. ಆ ವಯಸ್ಸಾದವ್ರು ಸುಮ್ನೆ ಹೇಳ್ತಿಲ್ಲ. ಹಳೇ ಟೂ-ಸ್ಟ್ರೋಕಲ್ಲಿ ಪೆಟ್ರೋಲಿನ ಕಾಲು ಭಾಗದಷ್ಟು ಸುಡದೇ ಎಕ್ಸಾಸ್ಟಲ್ಲಿ ನೀರಿಗೆ ಹೋಗ್ತಿತ್ತು. 1996ರಲ್ಲಿ ಇಪಿಎ (ಅಮೆರಿಕಾದ ಪರಿಸರ ಇಲಾಖೆ) ರೂಲ್ ಬಂತು, 98ರ ಮಾಡೆಲ್‌ಗಳಿಂದ ಹಂತಹಂತವಾಗಿ ಬಿಗಿ ಮಾಡಿದ್ರು. ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ಟಾಹೋ ಸರೋವರದಲ್ಲಂತೂ 1999ರಲ್ಲೇ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಬಂದ್ ಮಾಡಿದ್ರು. ಡೈರೆಕ್ಟ್ ಇಂಜೆಕ್ಷನ್ ಹಾಕಿ ಕೆಲವು ವರ್ಷ ಉಳಿಸ್ಕೊಂಡ್ರು, ಮರ್ಕ್ಯುರಿದು ಆಪ್ಟಿಮ್ಯಾಕ್ಸ್, ಎವಿನ್‌ರೂಡ್‌ದು ಇ-ಟೆಕ್. ಆಪ್ಟಿಮ್ಯಾಕ್ಸ್ ನಿಂತೋಯ್ತು, 2020 ಮೇನಲ್ಲಿ ಬಿಆರ್‌ಪಿ ಕಂಪ್ನಿ ಎವಿನ್‌ರೂಡನ್ನೇ ಮುಚ್ಚಿತು, ನೂರು ವರ್ಷ ದಾಟಿದ ಹೆಸರು.

ಫೋರ್-ಸ್ಟ್ರೋಕ್ ಸ್ಲೋ ಅಂತ ನಾನು ಹೇಳ್ತಿಲ್ಲ. ಮರ್ಕ್ಯುರಿ 450ಆರ್, 4.6 ಲೀಟರ್ ವಿ8 ಸೂಪರ್‌ಚಾರ್ಜರ್, ಭಯಂಕರ ಇಂಜಿನ್. ಆದ್ರೆ ತೂಕ 689 ಪೌಂಡ್. ಹಳೇ 2.5 ಲೀಟರ್ ಟೂ-ಸ್ಟ್ರೋಕ್ 400 ಪೌಂಡ್ ಆಸುಪಾಸು. ಎಪ್ಪತ್ತು ಎಂಬತ್ತರ ದಶಕದ ಹದಿನೆಂಟಡಿ ಹಗುರ ಬೋಟಿನ ಹಿಂದುಗಡೆ ಅಷ್ಟು ಭಾರ ನೇತಾಕಿದ್ರೆ ಟ್ರಾನ್ಸಮ್ (ಇಂಜಿನ್ ಕೂರ್ಸೋ ಹಿಂದಿನ ಗೋಡೆ) ತಡೆಯಲ್ಲ, ಬ್ಯಾಲೆನ್ಸೂ ಹೋಯ್ತು. ಜೊತೆಗೆ ಇಂಜಿನ್ ಒಂದಕ್ಕೇ 50 ಸಾವಿರ ಡಾಲರ್ ದಾಟುತ್ತೆ. ಇನ್ನೊಂದು, ಹಳೇ ಇಂಜಿನ್ನನ್ನ ಗ್ಯಾರೇಜಲ್ಲಿ ಕೂತು ಬಿಚ್ಚಿ, ಪೋರ್ಟ್ ಫೈಲ್ ಮಾಡಿ, ರೀಡ್ ಬದಲಾಯಿಸಿ ಜೋಡಿಸಬಹುದಿತ್ತು, ಹೊಸದಕ್ಕೆ ಲ್ಯಾಪ್‌ಟಾಪ್ ಬೇಕು. ಆ ಬಿಚ್ಚಿ ಜೋಡಿಸೋದೇ ಅರ್ಧ ಮಜಾ ಅನ್ನೋರಿಗೆ ಇದರಲ್ಲಿ ಏನುಳೀತು?

ಆದ್ರೂ ನನ್ನ ಪ್ರಕಾರ ಇಂಜಿನ್ ಇಲ್ದೆ ಈ ಆಟ ಸಾಯಲ್ಲ. 2.5 ಲೀಟರ್ ಬ್ಲಾಕ್‌ಗಳು ಲೆಕ್ಕವಿಲ್ಲದಷ್ಟು ಮಾರಾಟ ಆಗಿದಾವೆ, ಪಿಸ್ಟನ್, ಗ್ಯಾಸ್ಕೆಟ್ ಮಾಡೋ ಸಣ್ಣ ಕಂಪ್ನಿಗಳು ಇನ್ನೂ ಇದಾವೆ. ಸಾಯೋದಾದ್ರೆ ನೀರಿಲ್ದೆ. ಎಲ್ಲಿ ಓಡಿಸ್ತೀರಿ? ಫೆಡರಲ್ ನೀರಾದ್ರೆ ಕೋಸ್ಟ್ ಗಾರ್ಡ್‌ಗೆ ಮೆರೀನ್ ಇವೆಂಟ್ ಪರ್ಮಿಟ್ ಅರ್ಜಿ ಹಾಕ್ಬೇಕು, ಹೊಸ ಇವೆಂಟ್‌ಗೆ 135 ದಿನ ಮುಂಚೆ. ಪ್ರತಿ ವರ್ಷ ಅದೇ ಥರ ನಡೆಯೋದಾದ್ರೆ ಕೆಲವು ಷರತ್ತಿನ ಮೇಲೆ 60 ದಿನ. ರೆಸ್ಕ್ಯೂ ಬೋಟು, ಡೈವರ್, ಆಂಬುಲೆನ್ಸ್, ಇನ್ಶೂರೆನ್ಸ್, ದಡದಲ್ಲಿ ಮನೆ ಕಟ್ಕೊಂಡು ಶಬ್ದ ಅಂತ ಕಂಪ್ಲೇಂಟ್ ಕೊಡೋರು. ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಸವಾನಾ ನದಿ ಮೇಲೆ ವರ್ಷಾನುಗಟ್ಟಲೆ ನಡೀತಿದ್ದ ದೊಡ್ಡ ಡ್ರ್ಯಾಗ್ ಬೋಟ್ ರೇಸ್ ನಿಂತಿದೆ, ಲುಕಾಸ್ ಆಯಿಲ್ ಕಂಪ್ನಿ ಹೆಸರಲ್ಲಿ ನಡೀತಿದ್ದ ಡ್ರ್ಯಾಗ್ ಬೋಟ್ ಸೀರೀಸೂ ನಿಂತಿದೆ. ದೊಡ್ಡ ಸ್ಪಾನ್ಸರ್ ಇದ್ದವೇ ಹೋದ್ವು, ಆದ್ರೆ ಯಾವುದೋ ಸಣ್ಣ ಊರಿನ ಕ್ಲಬ್ಬಿನೋರು ಖಾಸಗಿ ಕೆರೆ ಹಿಡ್ಕೊಂಡು ಎಂಟ್ರಿ ಫೀನಲ್ಲೇ ನಡೆಸ್ತಿದಾರೆ ನೋಡಿ, ಅವರೇ ಉಳಿಯೋರು. ಅಲ್ಲೂ ಟವರ್ ಹತ್ತಿ ಟೈಮ್ ಬರ್ಕೊಳೋಕೆ, ಟೈಮಿಂಗ್ ಲೈಟ್ ಕೂರ್ಸೋಕೆ ಜನ ಬೇಕು, ಎಲ್ರಿಗೂ ಓಡ್ಸೋದೇ ಬೇಕು, ಕೆಲ್ಸ ಯಾರಿಗೂ ಬೇಡ.

ಪ್ರೊಪ್_ಪುಟ್ಟ

ಮಂಜ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹೊಸಬರನ್ನ ಓಡಿಸ್ತಿರೋದು ಇಂಜಿನ್ ಬೆಲೆ ಮಾತ್ರ ಅಲ್ಲ, ರೂಲ್‌ಬುಕ್ಕೂ ಕೂಡ. ಕ್ಲಾಸು ಜಾಸ್ತಿ, ಬೋಟು ಕಮ್ಮಿ. ಒಂದು ಕ್ಲಾಸಿಗೆ ಎರಡೇ ಬೋಟು ಬಂದ್ರೆ ಏನು ರೇಸು ಅದು. ಮೂರು ಕ್ಲಾಸ್ ಇಟ್ಟು ಉಳಿದಿದ್ದೆಲ್ಲ ಬ್ರ್ಯಾಕೆಟ್‌ಗೆ ಹಾಕಿದ್ರೆ ಸಾಕು ಅಂತ ನಂದು, ಇದನ್ನ ಮೀಟಿಂಗಲ್ಲಿ ಹೇಳಿದ್ರೆ ಹಳಬರು ಮುಖ ತಿರುಗಿಸ್ತಾರೆ, ಯಾಕಂದ್ರೆ ಒಬ್ಬೊಬ್ರಿಗೂ ತಾವು ಗೆಲ್ಲೋ ಕ್ಲಾಸು ಬೇಕು.

ಧಾರವಾಡ_ಫೇಡಾ

ಅದು ಒಪ್ಪೂದಿಲ್ಲ ನಾನು. ಬರೀ ಬ್ರ್ಯಾಕೆಟ್ ಮಾಡಿದ್ರ ನೋಡಾಕ ಬಂದ ಮಂದಿಗೆ ತಿಳಿಯೂದಿಲ್ಲ, ಪಕ್ಕದ ಮನಿಯವ್ರ ಜೋಡಿ ಹೋಗಿದ್ದ ತುಮಕೂರಿನವ್ರಿಗ ತಿಳೀಲಿಲ್ಲ ನೋಡ್ರಿ. ಮುಂದ ಬಂದಾಂವ ಸೋತ ಅಂದ್ರ ದಂಡಿಮ್ಯಾಲೆ ಕುಂತವರು ಎದ್ದು ಮನಿಗೆ ಹೋಗತಾರ. ಟಿಕೆಟ್ ದುಡ್ಡು ಬೇಕಂದ್ರ ಹೆಡ್ಸ್-ಅಪ್ ಇರಬೇಕು, ಗದ್ದಲ ಇರಬೇಕು.

ತುಮಕೂರು_ಟು_ಟೆಕ್ಸಾಸ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರಿ ಅನ್ಕೊಂಡಿರ್ಲಿಲ್ಲ. ಬ್ರ್ಯಾಕೆಟ್ ಈಗ ಅರ್ಥ ಆಯ್ತು. ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿದೆ, ಫೇಡಾ ಅವ್ರು ಹೇಳಿದ ಹಾಗೇ ಬರೆದಿದೆ. ಸದ್ಯಕ್ಕೆ ಮುಂದಿನ ರೇಸಿಗೆ ಟವರ್ ಕೆಲ್ಸಕ್ಕೆ ಬರ್ತೀನಿ ಅಂತ ಪಕ್ಕದ್ಮನೆಯವ್ರಿಗೆ ಹೇಳಿದೀನಿ, ಅದಕ್ಕೇ ಅವ್ರು ಫುಲ್ ಖುಷಿ. ಜೊತೆಗೆ ಲೂಸಿಯಾನಾದಲ್ಲಿ ಒಂದು ಹೈಡ್ರೋಸ್ಟ್ರೀಮ್ ಮಾರಾಟಕ್ಕಿದೆ, 200 ಎಚ್‌ಪಿ ಮರ್ಕ್ಯುರಿ, 9 ಸಾವಿರ ಹೇಳ್ತಿದಾರೆ. ನೋಡೋಕೆ ಹೋದ್ರೆ ಏನೇನು ಚೆಕ್ ಮಾಡ್ಲಿ?

ಮರ್ಕ್_ಮಂಜ

ಕಂಪ್ರೆಷನ್ ಗೇಜ್ ನಿಮ್ದೇ ತಗೊಂಡು ಹೋಗಿ, ಅವರದ್ದು ನಂಬ್ಬೇಡಿ. ಆರೂ ಸಿಲಿಂಡರ್ ರೀಡಿಂಗ್ ಒಂದಕ್ಕೊಂದು ಹತ್ತು ಪರ್ಸೆಂಟ್ ಒಳಗಿರಬೇಕು, ಒಂದು ಕಮ್ಮಿ ಬಂದ್ರೂ ರೀಬಿಲ್ಡ್ ಅಂತಲೇ ಲೆಕ್ಕ ಹಾಕಿ ಬೆಲೆ ಇಳಿಸಿ. ಲೋಯರ್ ಯೂನಿಟ್ಟಿನ ಕೆಳಗಿನ ಸ್ಕ್ರೂ ಬಿಚ್ಚಿ ಸ್ವಲ್ಪ ಆಯಿಲ್ ಬಿಡಿ, ಹಾಲಿನ ಥರ ಬೆಳ್ಳಗಿದ್ರೆ ಒಳಗೆ ನೀರು ಹೋಗಿದೆ, ಕಬ್ಬಿಣದ ಚೂರು ಬಂದ್ರೆ ಗೇರ್ ಹೋಗಿದೆ. ಆಮೇಲೆ ಟ್ರಾನ್ಸಮ್, ಆ ಕಾಲದ ಬೋಟಿಗೆ ಒಳಗೆ ಮರ ಇರುತ್ತೆ, ನೀರು ಕುಡಿದು ಕೊಳೆತಿರುತ್ತೆ. ಇಂಜಿನ್ ಟ್ರಿಮ್ ಪೂರ್ತಿ ಮೇಲೆತ್ತಿ ಲೋಯರ್ ಯೂನಿಟ್ ಮೇಲೆ ಮೈಭಾರ ಹಾಕಿ ನಿಧಾನಕ್ಕೆ ಅಲ್ಲಾಡ್ಸಿ, ಫೈಬರ್ ಬಾಗೋದು ಕಣ್ಣಿಗೆ ಕಂಡ್ರೆ ಇಂಜಿನ್ ಎಷ್ಟೇ ಚೆನ್ನಾಗಿರ್ಲಿ, ಬೋಟು ಅಲ್ಲೇ ಬಿಟ್ಟು ವಾಪಸ್ ಬನ್ನಿ. ಮತ್ತೆ ಹೊರಡೋಕೆ ಮುಂಚೆನೇ ಬೋಟು, ಟ್ರೇಲರ್ ಎರಡರದ್ದೂ ಟೈಟಲ್ ಪೇಪರ್ ಫೋಟೋ ಕಳ್ಸೋಕೆ ಹೇಳಿ, ಕಳಿಸ್ಲಿಲ್ಲ ಅಂದ್ರೆ ಡೀಸೆಲ್ ದಂಡ ಮಾಡ್ಕೊಬೇಡಿ.