ಬ್ರೂಸ್ ಇಲ್ಲದ ಮೇಡನ್: ‘ದಿ ಎಕ್ಸ್ ಫ್ಯಾಕ್ಟರ್’ ಕೊಳ್ಳಲೇ, ಬಿಡಲೇ? ಅನುಭವ ಹಂಚಿಕೊಳ್ಳಿ

ಕೊಥ್ರೂಡ್‌ನಿಂದ, ಪುಣೆ:

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ರೆಕಾರ್ಡ್‌ಗಳನ್ನು ಒಂದೊಂದಾಗಿ ಕೂಡಿಸುತ್ತಾ ಬಂದವನು 1995ರ ‘ದಿ ಎಕ್ಸ್ ಫ್ಯಾಕ್ಟರ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ತಂಡ ಬಿಟ್ಟ ಮೇಲೆ ಬ್ಲೇಜ್ ಬೇಲಿ ಹಾಡಿದ ಮೊದಲ ಆಲ್ಬಂ ಇದು. 2017ರ ಮರುಮುದ್ರಣದ ಜೋಡಿ ವಿನೈಲ್ ನನಗೆ 4,200 ರೂಪಾಯಿಗೆ ಸಿಗುತ್ತಿದೆ. ನನ್ನ ಭಾವನವರು ಆ ದುಡ್ಡಿಗೆ ಮಳೆಗಾಲದ ಬೂಟು ತೆಗೆದುಕೋ ಎನ್ನುತ್ತಾರೆ. ನನ್ನದು ಸಾಧಾರಣ ಟರ್ನ್‌ಟೇಬಲ್, ಚಿಕ್ಕ ಸ್ಪೀಕರು. ಅದರಲ್ಲಿ ಈ ಆಲ್ಬಂ ಹೇಗೆ ಕೇಳಿಸೀತು, ತಿಳಿದವರು ಹೇಳಬೇಕು.

ಡೊಂಬಿವಲಿಯಿಂದ:

ಈ ಆಲ್ಬಂ ಹೊರಬಂದ ಮರುವರ್ಷವೇ ನಾನು ಕ್ಯಾಸೆಟ್ ಕೊಂಡವನು. ಮುಂಬೈಯ ಕಾಳಾ ಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡೆ. ಆ ಅಂಗಡಿ 2016ರಲ್ಲಿ ಬಾಗಿಲು ಹಾಕಿದ ದಿನ ನನಗೆ ಊಟ ಸೇರಲಿಲ್ಲ, ಅದು ಬೇರೆ ಮಾತು. ಸಿಎಸ್‌ಟಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ, ಬಾಗಿಲ ಹತ್ತಿರ ನಿಂತು, ವಾಕ್‌ಮನ್ ಗುಂಡಿ ಒತ್ತಿದರೆ ಏನೂ ಕೇಳಿಸುವುದಿಲ್ಲ. ಮಸ್ಜಿದ್ ದಾಟಿತು, ಭಾಯಖಳಾ ದಾಟಿತು, ಟೇಪು ತಿರುಗುತ್ತಿದೆ, ಸದ್ದಿಲ್ಲ. ಕ್ಯಾಸೆಟ್ ಕೆಟ್ಟಿದೆಯೆಂದು ದಾದರ್‌ನಲ್ಲಿ ಇಳಿದು, ಮರುರೈಲು ಹಿಡಿದು ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. ಕೌಂಟರಿನವರು ಏನೂ ಮಾತಾಡದೆ ಕ್ಯಾಸೆಟ್ಟನ್ನು ತಮ್ಮ ಯಂತ್ರಕ್ಕೆ ಹಾಕಿದರು. ಆಲ್ಬಂನ ಮೊದಲನೆಯದಾದ ‘ಸೈನ್ ಆಫ್ ದ ಕ್ರಾಸ್’ ಹನ್ನೊಂದು ನಿಮಿಷದ ಹಾಡು. ಅದು ಶುರುವಾಗುವುದೇ ಮಠದ ಸನ್ಯಾಸಿಗಳ ಮಂತ್ರದಂಥ ಮೆಲುದನಿಯಿಂದ. ಅದರ ಬೆನ್ನಿಗೆ ಬರುವ ಬಾಸ್ ಗಿಟಾರೂ ಪಿಸುಗುಟ್ಟುತ್ತದೆ. ಅಂಗಡಿಯ ತುಂಬ ಆ ದನಿ ಹರಡಿದಾಗ ನನಗೆ ನಾಚಿಕೆಯೂ ರೋಮಾಂಚನವೂ ಒಟ್ಟಿಗೇ ಆದವು. ಅಂದಿನಿಂದ ಇಂದಿನವರೆಗೆ ಇದೇ ನನ್ನ ಪ್ರಿಯ ಆಲ್ಬಂ. ತಂಡದ ಸ್ಥಾಪಕ, ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ದಾಂಪತ್ಯ ಮುರಿದಿದ್ದ ಕಾಲದ ಈ ಸಂಗೀತದಲ್ಲಿರುವ ಕತ್ತಲೆಯನ್ನು ದೋಷವೆನ್ನುವವರು ಬದುಕಿನಲ್ಲಿ ಪೆಟ್ಟು ತಿಂದಿಲ್ಲವೆಂದೇ ನನ್ನ ಭಾವನೆ.

ವಾಸ್ಕೋದಿಂದ, ಗೋವಾ:

ರಾಯರೇ, ಪೆಟ್ಟು ಎಲ್ಲರೂ ತಿಂದಿದ್ದಾರೆ. ಪ್ರಶ್ನೆ ಇರುವುದು ಧ್ವನಿಮುದ್ರಣದ್ದು. 1981ರಿಂದ 1992ರವರೆಗೆ ತಂಡದ ಆಲ್ಬಂಗಳನ್ನು ರೂಪಿಸಿದ ಮಾರ್ಟಿನ್ ಬರ್ಚ್ ನಿವೃತ್ತರಾದ ಮೇಲೆ, ಹ್ಯಾರಿಸ್ ಎಸೆಕ್ಸ್‌ನ ತಮ್ಮ ಸ್ವಂತ ಸ್ಟುಡಿಯೋದಲ್ಲೇ, ನೈಜಲ್ ಗ್ರೀನ್ ಜೊತೆಗೂಡಿ ಇದನ್ನು ಮುದ್ರಿಸಿದರು. ಫಲವಾಗಿ ಬಾಸ್ ಮುಂದೆ ಬಂದು ಕೂತಿತು, ಗಿಟಾರುಗಳು ಒಣಗಿದವು. ನಾನು ಮೂವತ್ತು ವರ್ಷದಿಂದ ಶನಿವಾರದ ಭಜನೆಯಲ್ಲಿ ಹಾರ್ಮೋನಿಯಂ ಹಿಡಿದವನು. ಕಪ್ಪು ಒಂದರ ತಗ್ಗಿದ ಶ್ರುತಿಯಲ್ಲಿ ಹಾಡುವ ಗಂಡಸಿಗೆ ಕಪ್ಪು ನಾಲ್ಕರ ಎತ್ತರದ ಶ್ರುತಿ ಹಿಡಿದುಕೊಟ್ಟು ‘ಹಾಡಪ್ಪಾ’ ಎಂದರೆ ಏನಾಗುತ್ತದೆಂದು ನಮ್ಮ ಮಂಡಳಿಯಲ್ಲೇ ಕಂಡಿದ್ದೇನೆ: ಎರಡನೆಯ ಅಭಂಗಕ್ಕೇ ಆತ ಕೆಮ್ಮುತ್ತ ಎದ್ದುಹೋದ. ಬ್ಲೇಜ್ ಅವರದು ಮಂದ್ರದ ಕಂಠ. ಆಲ್ಬಂನಲ್ಲಿ ಅದು ಹೇಗೋ ನಿಭಾಯಿಸಿತು. ವೇದಿಕೆಯ ಮೇಲೆ ಬ್ರೂಸ್ ಅವರ ತಾರಸ್ಥಾಯಿಯ ಹಳೆಯ ಹಾಡುಗಳನ್ನೂ ಹಾಡಿಸಿದ್ದರಿಂದ ಗಂಟಲು ಕೈಕೊಟ್ಟು, ಕಛೇರಿಗಳೇ ರದ್ದಾದವು. 1992ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿದ್ದ ತಂಡ ಇದರಿಂದ ಎಂಟಕ್ಕೆ ಇಳಿಯಿತು. ಡೊಂಬಿವಲಿಯವರು ಕೇಳಿದ್ದು ಆಲ್ಬಂ ಅಲ್ಲ, ರೈಲು.

ಡೊಂಬಿವಲಿಯಿಂದ:

ಹಾರ್ಮೋನಿಯಂ ಹಿಡಿದವರೆಲ್ಲ ಮೇಡನ್ ತೀರ್ಪುಗಾರರಾಗುವುದಾದರೆ ನನಗೆ ಇಲ್ಲಿ ಕೆಲಸವಿಲ್ಲ. ಅದೇ ‘ಸೈನ್ ಆಫ್ ದ ಕ್ರಾಸ್’ ಅನ್ನು 2001ರ ಜನವರಿಯಲ್ಲಿ ಬ್ರೆಜಿಲ್‌ನ ರಿಯೋದಲ್ಲಿ, ತಂಡಕ್ಕೆ ಮರಳಿದ್ದ ಬ್ರೂಸ್ ಅವರೇ ಹಾಡಿದರು, ಜನಸಾಗರ ಕೂಗಿತು. ಹಾಡು ಕೆಟ್ಟದ್ದಾಗಿದ್ದರೆ ಅವರೇಕೆ ಮುಟ್ಟುತ್ತಿದ್ದರು?

ವಾಸ್ಕೋದಿಂದ:

ನಾನು ಹೇಳಿದ್ದೂ ಅದನ್ನೇ. ಹಾಡು ಚೆನ್ನಾಗಿತ್ತು, ಹಾಡಿಸಿದ್ದು ಚೆನ್ನಾಗಿರಲಿಲ್ಲ. ಓದಿ ಉತ್ತರಿಸುವ ರೂಢಿ ಇಟ್ಟುಕೊಳ್ಳಿ.

ಚಿಂಚವಾಡದಿಂದ:

ಇಬ್ಬರೂ ಕಡಿಮೆ ದುಡ್ಡಿನ ಮಾತಾಡುತ್ತಿದ್ದೀರಿ. ನಾನು ಮರುಮುದ್ರಣ ಬೇಡವೆಂದು 1995ರ ಮೂಲ ಮುದ್ರಣದ ಪಾರದರ್ಶಕ ವಿನೈಲನ್ನೇ ವಿದೇಶದ ಮಾರಾಟಗಾರರೊಬ್ಬರಿಂದ ತರಿಸಿದೆ. ರೆಕಾರ್ಡಿಗೆ 6,400, ಸಾಗಣೆಗೆ 2,150, ಕಸ್ಟಮ್ಸ್ ಸುಂಕ 3,870, ಕೊರಿಯರ್‌ನವರ ನಿರ್ವಹಣಾ ಶುಲ್ಕ 590. ಯಾವ ನಿರ್ವಹಣೆ ಎಂದು ಕೇಳಬೇಡಿ. ಪೆಟ್ಟಿಗೆ ಮೇ ತಿಂಗಳ ಬಿಸಿಲಲ್ಲಿ ಎಷ್ಟು ದಿನ ಬಿದ್ದಿತ್ತೋ, ತೆಗೆದಾಗ ಎರಡನೆಯ ರೆಕಾರ್ಡ್ ಹಪ್ಪಳದಂತೆ ಅಂಚೆತ್ತಿ ನಿಂತಿತ್ತು. ಸೂಜಿ ಪ್ರತಿ ಸುತ್ತಿಗೂ ಒಮ್ಮೆ ಜಿಗಿಯುತ್ತಿತ್ತು. ಗಾಜಿನಂಗಡಿಯಲ್ಲಿ 8 ಮಿಲಿಮೀಟರ್ ದಪ್ಪದ ಎರಡು ಹಾಳೆ ಕತ್ತರಿಸಿಕೊಂಡು ಬಂದು, ರೆಕಾರ್ಡನ್ನು ನಡುವೆ ಇಟ್ಟು, ಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟೂ ಸಂಪುಟಗಳನ್ನು ಹೇರಿದೆ. ಹತ್ತೊಂಬತ್ತು ದಿನ. ಈ ನಡುವೆ ಪದವೊಂದರ ಅರ್ಥ ನೋಡಲು ಮಗಳು ಮೂರನೇ ಸಂಪುಟವನ್ನು ಎಳೆದಿದ್ದರಿಂದ ಎರಡು ದಿನ ಹೆಚ್ಚು ಹಿಡಿಯಿತು. ಈಗ ನಾಲ್ಕನೆಯ ಬದಿಯ ಮೊದಲ ಹಾಡು ಮಾತ್ರ ಸ್ವಲ್ಪ ತೇಲುತ್ತದೆ. ಅದನ್ನು ಕೇಳುವಾಗ ಬೇರೆ ಯಾರೂ ಕೋಣೆಯಲ್ಲಿರದಂತೆ ನೋಡಿಕೊಳ್ಳುತ್ತೇನೆ.

ಮಾಟುಂಗಾದಿಂದ:

ಗಂಡಸರು ಬಾಸು, ಸುಂಕ ಎಂದು ಕಿತ್ತಾಡುತ್ತಿರುವಾಗ ರಕ್ಷಾಪುಟದ ಮಾತು ಯಾರೂ ಎತ್ತಲಿಲ್ಲ. ಹ್ಯೂ ಸೈಮ್ ಮಾಡಿದ ಆ ಚಿತ್ರದಲ್ಲಿ ತಂಡದ ಲಾಂಛನದ ಭೂತ ಎಡ್ಡಿಯನ್ನು ಯಂತ್ರಕ್ಕೆ ಕಟ್ಟಿ ತಲೆ ಸೀಳುತ್ತಿರುತ್ತಾರೆ. ನಮ್ಮದು ಒಂದೂವರೆ ಕೋಣೆಯ ಚಾಳಿನ ಮನೆ; ನನ್ನ ಸಿಡಿ ಇಡಲು ಇದ್ದ ಜಾಗ ದೇವರ ಗೂಡಿನ ಪಕ್ಕದ ಶೆಲ್ಫ್ ಒಂದೇ. ಅಮ್ಮ ಸಂಜೆ ದೀಪ ಹಚ್ಚಲು ಬಂದವರು ಕಿರುಚಿದರು. ಕಾಗದವನ್ನು ಮಡಿಚಿ ಮಗುಚಿದರೆ ಹಿಂಬದಿಯಲ್ಲಿ ಅಷ್ಟು ಭೀಕರವಲ್ಲದ, ವಿದ್ಯುತ್ ಕುರ್ಚಿಯಲ್ಲಿ ಕೂತ ಎಡ್ಡಿ ಇರುತ್ತಾನೆ. ಅದನ್ನು ಮುಂದೆ ಮಾಡಿ ಇಟ್ಟೆ. ಅಮ್ಮ ಹತ್ತಿರ ಬಂದು ನೋಡಿ, ‘ಇವನಿಗೆ ಕ್ಷೌರ ಮಾಡಿಸುತ್ತಿದ್ದಾರೇನೇ?’ ಎಂದರು. ಅಲ್ಲಿಂದ ತಂಟೆಯಿಲ್ಲ. ಆ 71 ನಿಮಿಷಗಳನ್ನು ನಾನು ಹೆಡ್‌ಫೋನ್‌ನಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. 2008ರ ಫೆಬ್ರವರಿ 1ರಂದು ತಂಡ ಬಾಂದ್ರಾ ಕುರ್ಲಾ ಸಂಕೀರ್ಣಕ್ಕೆ ಬಂದಾಗ, ಆ ಪ್ರವಾಸವೇ ಎಂಬತ್ತರ ದಶಕದ ಹಾಡುಗಳದ್ದೆಂದು ತಿಳಿದೂ, ಇದರದ್ದೊಂದು ಹಾಡಾದರೂ ಬರಬಹುದೆಂದು ಕಾದೆ. ಬರಲಿಲ್ಲ. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಡೊಂಬಿವಲಿಯಿಂದ:

ಅಕ್ಕಾ, ಅಲ್ಲಿ ಶಬ್ದವೂ ಸರಿಯಿರಲಿಲ್ಲ. 2007ರ ಬೆಂಗಳೂರಿನ ಅರಮನೆ ಮೈದಾನದ್ದೇ ಸರಿ.

ಮಾಟುಂಗಾದಿಂದ:

ನೀವು ಎಲ್ಲಿ ನಿಂತಿದ್ದಿರೋ ನನಗೆ ಗೊತ್ತಿಲ್ಲ. ನಾನಿದ್ದಲ್ಲಿ ಒಂದೊಂದು ತಂತಿಯೂ ಕೇಳಿಸುತ್ತಿತ್ತು.

ವಾಸ್ಕೋದಿಂದ:

ಡೊಂಬಿವಲಿಯವರಿಗೆ ಎಲ್ಲೂ ಏನೂ ಕೇಳಿಸುವುದಿಲ್ಲ ಎಂಬುದು ಮೊದಲ ಉತ್ತರದಲ್ಲೇ ಸಿದ್ಧವಾಗಿದೆ. ಚಿಂಚವಾಡದವರು ಹದಿಮೂರು ಸಾವಿರ ಸುರಿದು ತೇಲುವ ರೆಕಾರ್ಡ್ ಕೊಂಡಿದ್ದಾರೆ; ಆ ದುಡ್ಡಿಗೆ ಒಳ್ಳೆಯ ಹಾರ್ಮೋನಿಯಂ ಬರುತ್ತಿತ್ತು.

ಕೊಥ್ರೂಡ್‌ನಿಂದ:

ಎಲ್ಲರಿಗೂ ಧನ್ಯವಾದಗಳು. ನನ್ನ ಚಿಕ್ಕ ಸ್ಪೀಕರಿನಲ್ಲಿ ಆ ಮೆಲುದನಿಯ ಆರಂಭ ಕೇಳಿಸುತ್ತದೆಯೇ ಎಂಬುದನ್ನು ಯಾರೂ ಹೇಳಲಿಲ್ಲ. ಈ ಮೂರು ದಿನಗಳಲ್ಲಿ ಬೆಲೆ 4,650ಕ್ಕೆ ಏರಿದೆ.

ಚಿಂಚವಾಡದಿಂದ:

ವಾಸ್ಕೋದವರೇ, ಹದಿಮೂರು ಸಾವಿರವಲ್ಲ, 13,010. ಗಾಜಿನ ದುಡ್ಡು ಅದರಲ್ಲಿ ಸೇರಿಲ್ಲ.